ಎಂಟು ತಿಂಗಳು ಮುಟ್ಟಿಲ್ಲ, ಇನ್ನೇಕೆ ಔಷಧ?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ನನ್ನ ತಮ್ಮನಿಗೆ 26 ವರ್ಷ, ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ. ಬೆನ್ನುನೋವಿಗೆಂದು ಶುರು ಮಾಡಿದ ಟಪೆಂಟಡಾಲ್ ಗುಳಿಗೆ ಮೂರು ವರ್ಷಗಳಲ್ಲಿ ದಿನಕ್ಕೆ ಹತ್ತು ಹದಿನೈದಕ್ಕೆ ಏರಿತು, ಕೊನೆಗೆ ಚುಚ್ಚಿಕೊಳ್ಳುವವರೆಗೂ ಹೋಯಿತು. ಎರಡು ಸಲ ಬಿಟ್ಟು ಎರಡು ಸಲವೂ ಮತ್ತೆ ಹಿಡಿದ. ಈಗ ಬೈಕ್ ಕಳವಿನ ಪ್ರಕರಣದಲ್ಲಿ ಎಂಟು ತಿಂಗಳಿಂದ ಧಾರವಾಡದ ಕೇಂದ್ರ ಕಾರಾಗೃಹದಲ್ಲಿದ್ದಾನೆ. ಭೇಟಿಗೆ ಹೋದಾಗ ನೋಡಿದರೆ ಮೈಕೈ ತುಂಬಿಕೊಂಡು ಚೆನ್ನಾಗಿದ್ದಾನೆ. ಇನ್ನೊಂದು ತಿಂಗಳೊಳಗೆ ಜಾಮೀನು ಸಿಗಬಹುದು ಎಂದು ವಕೀಲರು ಹೇಳಿದ್ದಾರೆ. ಚಟ ಬಿಟ್ಟುಹೋಯಿತು, ಬಂದ ಕೂಡಲೇ ಮದುವೆ ಮಾಡೋಣ ಎಂದು ಅವ್ವ ಓಡಾಡುತ್ತಿದ್ದಾಳೆ. ಪರಿಚಯದ ನರ್ಸ್ ಒಬ್ಬರು, ಹೊರಗೆ ಬಂದ ಮೇಲೆ ಬುಪ್ರೆನಾರ್ಫಿನ್ ಎಂಬ ಔಷಧ ಬೇಕಾಗಬಹುದು ಎಂದರು. ಅದೂ ಅಫೀಮಿನ ಜಾತಿಗೇ ಸೇರಿದ್ದಂತೆ. ಬಿಟ್ಟ ಚಟಕ್ಕೆ ಔಷಧ ಏಕೆ? ಒಂದು ನಶೆ ಬಿಡಿಸಲು ಇನ್ನೊಂದು ನಶೆಯೇ? ಎಲ್ಲಿಗೆ ಕರೆದುಕೊಂಡು ಹೋಗಬೇಕು, ಎಷ್ಟು ದಿನ?

ಉತ್ತರ: ಮೊದಲು ಕಟುವಾದ ಮಾತನ್ನು ಹೇಳಿಬಿಡುತ್ತೇನೆ. ನಿಮ್ಮ ತಮ್ಮನ ಜೀವಕ್ಕೆ ಈ ಮೂರು ವರ್ಷಗಳಲ್ಲಿ ಇಲ್ಲದಷ್ಟು ಅಪಾಯ ಅವನು ಹೊರಗೆ ಬಂದ ಮೊದಲ ಎರಡು ವಾರಗಳಲ್ಲಿ ಇರುತ್ತದೆ. ದಿನಕ್ಕೆ ಹದಿನೈದು ಗುಳಿಗೆ ನುಂಗುತ್ತಿದ್ದ ದಿನಗಳಿಗಿಂತಲೂ ಹೆಚ್ಚು. ಆದ್ದರಿಂದ ಔಷಧ ಬೇಕೇ ಎಂಬ ಪ್ರಶ್ನೆಯನ್ನು ಜಾಮೀನಿನ ನಂತರಕ್ಕೆ ಇಟ್ಟುಕೊಳ್ಳಬೇಡಿ. ಅವನು ಒಳಗಿರುವಾಗಲೇ, ಈ ತಿಂಗಳಲ್ಲೇ, ಅದು ತೀರ್ಮಾನವಾಗಬೇಕು.

ಏಕೆಂದು ಹೇಳುತ್ತೇನೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲೋ ಅಮರಗೋಳದ ಎಪಿಎಂಸಿಯಲ್ಲೋ ಹಮಾಲರು ಬೆನ್ನ ಮೇಲೆ ಚೀಲ ಹೊತ್ತು ಏರುವುದನ್ನು ನೀವು ನೋಡಿರುತ್ತೀರಿ. ಆ ಶಕ್ತಿ ಒಂದೇ ದಿನಕ್ಕೆ ಬಂದದ್ದಲ್ಲ, ವರ್ಷಗಟ್ಟಲೆ ಹೊತ್ತು ಹೊತ್ತು ಬೆನ್ನು ಗಟ್ಟಿಯಾಗಿರುತ್ತದೆ. ಅಂಥವನೊಬ್ಬ ಎಂಟು ತಿಂಗಳು ಹಾಸಿಗೆ ಹಿಡಿದು, ಎದ್ದ ಮೊದಲ ದಿನವೇ ಹಳೆಯ ಚೀಲವನ್ನು ಬೆನ್ನಿಗೇರಿಸಿಕೊಂಡರೆ ಏನಾಗುತ್ತದೆ? ಚೀಲದ ತೂಕ ಮೊದಲಿನಷ್ಟೇ ಇದೆ, ಬೆನ್ನು ಮೊದಲಿನದಲ್ಲ. ಅಫೀಮು, ಬ್ರೌನ್ ಶುಗರ್, ಟ್ರಮಡಾಲ್, ಟಪೆಂಟಡಾಲ್ ಎಲ್ಲವೂ ಒಂದೇ ಕುಲದವು. ಇವುಗಳನ್ನು ನಾವು ಓಪಿಯಾಯ್ಡ್‌ಗಳೆಂದು ಕರೆಯುತ್ತೇವೆ. ಉಸಿರಾಟವನ್ನು ನಡೆಸುವ ಮಿದುಳಿನ ಬುಡದ ಭಾಗವನ್ನು ಇವು ಮಂಕಾಗಿಸುತ್ತವೆ. ನಿತ್ಯ ಸೇವಿಸುವವರ ಮಿದುಳು ನಿಧಾನವಾಗಿ ಆ ಹೊರೆಗೆ ಒಗ್ಗಿಕೊಂಡಿರುತ್ತದೆ, ಹಾಗಾಗಿಯೇ ಹದಿನೈದು ಗುಳಿಗೆ ನುಂಗಿಯೂ ಅವನು ಓಡಾಡಿಕೊಂಡಿದ್ದ. ಈ ತಾಳಿಕೆ ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ. ಎಂಟು ತಿಂಗಳಲ್ಲಿ ಅದರ ಲವಲೇಶವೂ ಉಳಿದಿರುವುದಿಲ್ಲ. ಆದರೆ ಎಷ್ಟು ಬೇಕು ಎಂಬ ಕೈಯ ಲೆಕ್ಕ ಹಾಗೇ ಇರುತ್ತದೆ. ಹೊರಬಂದವನು ಹಳೆಯ ಲೆಕ್ಕದಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸೆರೆಮನೆಯಿಂದ ಬಿಡುಗಡೆಯಾದ 30,000ಕ್ಕೂ ಹೆಚ್ಚು ಜನರ ಲೆಕ್ಕ ಹಿಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಬಿಡುಗಡೆಯ ಮೊದಲ 2 ವಾರಗಳಲ್ಲಿ ಅವರು ಸಾಯುವ ಅಪಾಯ ಆ ರಾಜ್ಯದ ಉಳಿದ ಜನರಿಗಿಂತ 12 ಪಟ್ಟಿಗೂ ಹೆಚ್ಚಿತ್ತು. ಮಾದಕವಸ್ತು ಮಿತಿಮೀರಿ ಸಾಯುವ ಅಪಾಯ 129 ಪಟ್ಟು. ಅಲ್ಲಿ ಬಳಕೆಯಲ್ಲಿದ್ದ ಮಾದಕಗಳೇ ಬೇರೆ, ನಮ್ಮ ಊರಿನ ಗುಳಿಗೆಗಳೇ ಬೇರೆ, ಒಪ್ಪುತ್ತೇನೆ. ಆದರೆ ತಾಳಿಕೆ ಕಳೆದುಕೊಂಡ ಮಿದುಳು ಎಲ್ಲ ಊರಿನಲ್ಲೂ ಒಂದೇ.

ನನಗೆ ಈ ಪಾಠವನ್ನು ಕಲಿಸಿದ್ದು ಅಂಕಿಗಳಲ್ಲ. ಬಹಳ ವರ್ಷಗಳ ಹಿಂದೆ ನಿಮ್ಮ ತಮ್ಮನ ವಯಸ್ಸಿನ ಒಬ್ಬ ಹುಡುಗನನ್ನು ಪೊಲೀಸ್ ಕಾವಲಿನಲ್ಲಿ ನನ್ನ ಬಳಿ ಕರೆತಂದಿದ್ದರು. ಐದು ತಿಂಗಳಿಂದ ಏನನ್ನೂ ಮುಟ್ಟಿರಲಿಲ್ಲ. ನಿದ್ರೆ ಚೆನ್ನಾಗಿತ್ತು, ಹಸಿವಿತ್ತು, ನಗುತ್ತಾ ಮಾತನಾಡಿದ. ನಾನು ಅವನ ಚೀಟಿಯಲ್ಲಿ ಸದ್ಯಕ್ಕೆ ಔಷಧದ ಅಗತ್ಯವಿಲ್ಲ ಎಂದು ಬರೆದೆ. ಬಿಡುಗಡೆಯಾಗಿ ವಾರ ತುಂಬುವ ಮೊದಲೇ ಅವನು ತೀರಿಕೊಂಡ. ಅವನ ತಂದೆ ಆ ಚೀಟಿಯನ್ನು ತಂದು ನನ್ನ ಮೇಜಿನ ಮೇಲಿಟ್ಟು, ‘ಡಾಕ್ಟರೇ, ಗುಣವಾಗಿದೆ ಎಂದು ಬರೆದಿದ್ದಿರಲ್ಲ’ ಎಂದರು. ಗುಣವಾಗಿದೆ ಎಂದು ನಾನು ಬರೆದಿರಲಿಲ್ಲ. ಆದರೆ ಅವರು ಹಾಗೆ ಓದಿಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಂದಿನಿಂದ ಕೈದಿಗಳ ವಿಷಯದಲ್ಲಿ ಆ ಸಾಲನ್ನು ನಾನು ಬರೆದಿಲ್ಲ.

ಈಗ ನಿಮ್ಮ ತಾಯಿಯ ಮಾತಿಗೆ ಬರೋಣ. ಚಟ ಬಿಟ್ಟುಹೋಯಿತು ಎನ್ನುತ್ತಾರೆ. ಜೈಲಿಗೆ ಹೋದ ಮೊದಲ ವಾರದಲ್ಲಿ ನಿಮ್ಮ ತಮ್ಮ ಮೈಕೈ ಸೆಳೆತ, ಭೇದಿ, ಚಳಿ, ನಿದ್ರೆಯಿಲ್ಲದ ರಾತ್ರಿಗಳನ್ನೆಲ್ಲ ಅನುಭವಿಸಿ ದಾಟಿರುತ್ತಾನೆ. ಅದು ದೇಹದ ಹಂಬಲ, ಅದು ಮುಗಿದಿದೆ. ಮನಸ್ಸಿನ ಹಂಬಲ ಬೂದಿ ಮುಚ್ಚಿದ ಕೆಂಡ. ಗೋಡೆಗಳ ಒಳಗೆ ಗಾಳಿ ಬೀಸದ ಕಾರಣ ಅದು ಕಾಣಿಸುವುದಿಲ್ಲ. ಅವನು ಗುಳಿಗೆ ನುಂಗುತ್ತಿದ್ದ ಓಣಿ, ಕೊಡುತ್ತಿದ್ದ ಗೆಳೆಯ, ಕೈಗೆ ದುಡ್ಡು ಬರುತ್ತಿದ್ದ ಶನಿವಾರದ ಸಂಜೆ, ಇವು ಯಾವುವೂ ಒಳಗೆ ಇರಲಿಲ್ಲ. ಇವೆಲ್ಲ ಹೊರಗೆ ಹಾಗೇ ಕಾದಿವೆ. ಅದರ ಮೇಲೆ ಹೊಸದಾಗಿ ಸೇರಿರುವುದು ಕೇಸಿನ ಅವಮಾನ, ವಕೀಲರ ಸಾಲ, ಕೆಲಸ ಕೊಡಲು ಹಿಂಜರಿಯುವ ಮಾಲೀಕ. ಎರಡು ಸಲ ಬಿಟ್ಟು ಎರಡು ಸಲ ಹಿಡಿದವನು ಮೂರನೆಯ ಸಲ ಬರೀ ಮನೋಬಲದಿಂದ ನಿಲ್ಲಲಿ ಎಂದು ಕಾಯುವುದು ಅವನ ಮೇಲೆ ಹೊರಿಸುವ ಅನ್ಯಾಯದ ಭಾರ.

ಒಂದು ನಶೆ ಬಿಡಿಸಲು ಇನ್ನೊಂದು ನಶೆಯೇ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮೂರು ವರ್ಷ ಮಗನ ಗುಳಿಗೆಗಳಿಂದ ಬೆಂದ ತಾಯಿ ಮತ್ತೊಂದು ಗುಳಿಗೆಯನ್ನು ಕಂಡು ಬೆಚ್ಚುವುದು ಸಹಜ. ಅವರಿಗೆ ಹೀಗೆ ವಿವರಿಸಿ. ಜಾತ್ರೆಯ ದಿನ ತುಂಬಿ ತುಳುಕುವ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲವೇ? ಮಿದುಳಿನಲ್ಲಿ ಓಪಿಯಾಯ್ಡ್‌ಗಳು ಬಂದು ಕೂರುವ ಸೀಟುಗಳಿವೆ. ಟಪೆಂಟಡಾಲ್ ಬಂದು ಕೂತು, ಗದ್ದಲ ಎಬ್ಬಿಸಿ, ಕೆಲವೇ ಗಂಟೆಗಳಲ್ಲಿ ಎದ್ದು ಹೋಗುತ್ತದೆ. ಹೋದಾಗ ಸೀಟು ಖಾಲಿಯಾಗಿ ಮತ್ತೆ ಬೇಕೆನ್ನುತ್ತದೆ. ಬುಪ್ರೆನಾರ್ಫಿನ್ ಬಂದು ಕೂತರೆ ಗಟ್ಟಿಯಾಗಿ ಕೂರುತ್ತದೆ, ಒಂದು ದಿನಕ್ಕೂ ಹೆಚ್ಚು ಹೊತ್ತು ಏಳುವುದಿಲ್ಲ. ಸೀಟನ್ನು ಅರ್ಧ ಮಾತ್ರ ಬೆಚ್ಚಗಿಡುತ್ತದೆ. ಹಾಗಾಗಿ ಹಂಬಲ ತಣಿಯುತ್ತದೆ, ಆದರೆ ತೂರಾಡುವ ನಶೆ ಏರುವುದಿಲ್ಲ. ನಡುವೆ ಟಪೆಂಟಡಾಲ್ ಬಂದರೂ ಅದಕ್ಕೆ ಕೂರಲು ಜಾಗ ಸಿಗುವುದು ಕಷ್ಟ. ಎಲ್ಲಕ್ಕಿಂತ ಮುಖ್ಯವಾದ ಗುಣವೆಂದರೆ, ಒಂದು ಮಿತಿ ದಾಟಿದ ಮೇಲೆ ಎಷ್ಟು ಹೆಚ್ಚಿಸಿದರೂ ಅದು ಉಸಿರಾಟವನ್ನು ಇನ್ನಷ್ಟು ತಗ್ಗಿಸುವುದಿಲ್ಲ.

ತಾಯಿಯಿಂದ ಒಂದನ್ನು ಮುಚ್ಚಿಡಬೇಡಿ. ಬುಪ್ರೆನಾರ್ಫಿನ್‌ಗೆ ದೇಹ ಒಗ್ಗಿಕೊಳ್ಳುತ್ತದೆ, ಥಟ್ಟನೆ ನಿಲ್ಲಿಸಿದರೆ ಮೈಕೈ ನೋವು, ಚಡಪಡಿಕೆ ಬರುತ್ತದೆ. ಆ ಅರ್ಥದಲ್ಲಿ ಅದು ದೇಹಕ್ಕೆ ರೂಢಿಯಾಗುವ ಔಷಧವೇ. ಆದರೆ ರೂಢಿ ಬೇರೆ, ವ್ಯಸನ ಬೇರೆ. ವ್ಯಸನದಲ್ಲಿ ಮನುಷ್ಯ ಬೆಳಗಿನಿಂದ ಗುಳಿಗೆಯ ಹಿಂದೆ ಓಡುತ್ತಾನೆ, ಸುಳ್ಳು ಹೇಳುತ್ತಾನೆ, ಬೈಕ್ ಕದಿಯುತ್ತಾನೆ. ಈ ಔಷಧದ ಮೇಲಿರುವವನು ಬೆಳಿಗ್ಗೆ ನಾಲಿಗೆಯ ಕೆಳಗೆ ಗುಳಿಗೆ ಇಟ್ಟುಕೊಂಡು ಗ್ಯಾರೇಜಿಗೆ ಹೋಗುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ ಇದೇ ಬಗೆಯ ಚಿಕಿತ್ಸೆಗೆ ಬಳಸುವ ಮೆಥಡೋನ್ ಮತ್ತು ಬುಪ್ರೆನಾರ್ಫಿನ್‌ಗಳನ್ನು 2005ರಲ್ಲೇ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ.

ಜೈಲಿನ ಮಟ್ಟಿಗೂ ಇದು ಹೊಸ ಪ್ರಯೋಗವಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಸೆರೆಮನೆಗಳಲ್ಲಿ 1980ರ ದಶಕದಿಂದ ಮೆಥಡೋನ್ ಕೊಡುತ್ತಿದ್ದಾರೆ. ದೆಹಲಿಯ ತಿಹಾರ್ ಜೈಲಿನಲ್ಲಿ 2008ರಲ್ಲಿ ಬುಪ್ರೆನಾರ್ಫಿನ್ ಚಿಕಿತ್ಸೆ ಶುರುವಾಯಿತು. ಇಂಗ್ಲೆಂಡಿನಲ್ಲಿ ಔಷಧದ ಮೇಲಿದ್ದುಕೊಂಡೇ ಬಿಡುಗಡೆಯಾದವರನ್ನು, ಔಷಧವಿಲ್ಲದೆ ಬಿಡುಗಡೆಯಾದವರೊಡನೆ ಹೋಲಿಸಿ ನೋಡಿದರು. ಮೊದಲ ತಿಂಗಳ ಸಾವುಗಳು ಔಷಧದ ಮೇಲಿದ್ದವರಲ್ಲಿ ಶೇಕಡಾ 75ರಷ್ಟು ಕಡಿಮೆ ಇದ್ದವು. ಅಮೆರಿಕದ ಪುಟ್ಟ ರಾಜ್ಯ ರೋಡ್ ಐಲ್ಯಾಂಡ್ 2016ರಲ್ಲಿ ತನ್ನ ಎಲ್ಲ ಸೆರೆಮನೆಗಳಲ್ಲೂ ಈ ಔಷಧಗಳನ್ನು ಒದಗಿಸತೊಡಗಿತು. ಇತ್ತೀಚೆಗೆ ಸೆರೆಯಿಂದ ಹೊರಬಂದವರಲ್ಲಿ ಮಾದಕವಸ್ತು ಮಿತಿಮೀರಿ ಸತ್ತವರು 2016ರ ಮೊದಲ ಆರು ತಿಂಗಳಲ್ಲಿ 26 ಮಂದಿ, 2017ರ ಅದೇ ಅವಧಿಯಲ್ಲಿ 9 ಮಂದಿ. ಸಂಖ್ಯೆ ಚಿಕ್ಕದಿರಬಹುದು. ಆದರೆ ನನ್ನ ಮೇಜಿನ ಮೇಲೆ ಚೀಟಿ ಇಟ್ಟ ತಂದೆಯನ್ನು ಕಂಡವನಿಗೆ ಆ ಹದಿನೇಳರ ವ್ಯತ್ಯಾಸ ಚಿಕ್ಕದಾಗಿ ಕಾಣುವುದಿಲ್ಲ.

ಇನ್ನು ಯಾವ ಔಷಧ ಎಂಬುದು. ನಿಮ್ಮ ತಮ್ಮನ ಮುಂದೆ ಎರಡು ದಾರಿಗಳಿವೆ. ಒಂದು ಬುಪ್ರೆನಾರ್ಫಿನ್, ಸಾಮಾನ್ಯವಾಗಿ ಓಪಿಯಾಯ್ಡ್‌ಗಳ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಜೊತೆ ಬೆರೆಸಿದ ಗುಳಿಗೆ. ಕರಗಿಸಿ ಚುಚ್ಚಿಕೊಂಡರೆ ನಲಾಕ್ಸೋನ್ ಅದರ ಪರಿಣಾಮವನ್ನು ಕೆಡಿಸುತ್ತದೆ, ಅದಕ್ಕಾಗಿ ಆ ಬೆರಕೆ. ಇನ್ನೊಂದು ನಾಲ್ಟ್ರೆಕ್ಸೋನ್, ದಿನಕ್ಕೆ 50 ಮಿಲಿಗ್ರಾಂನ ಗುಳಿಗೆ. ಬಸ್ಸಿನ ಹೋಲಿಕೆಯಲ್ಲೇ ಹೇಳುವುದಾದರೆ ನಾಲ್ಟ್ರೆಕ್ಸೋನ್ ಬರೀ ಟವೆಲ್. ಸೀಟು ಹಿಡಿದಿಡುತ್ತದೆ, ತಾನು ಏನೂ ಮಾಡುವುದಿಲ್ಲ. ಓಪಿಯಾಯ್ಡ್ ಸ್ವಭಾವವೇ ಇಲ್ಲದ್ದರಿಂದ ನಿಮ್ಮ ತಾಯಿಗೆ ಇದೇ ಒಪ್ಪಿಗೆಯಾಗಬಹುದು. ದೇಹ ಕನಿಷ್ಠ 7ರಿಂದ 10 ದಿನ ಓಪಿಯಾಯ್ಡ್‌ನಿಂದ ಮುಕ್ತವಾಗಿದ್ದರೆ ಮಾತ್ರ ಇದನ್ನು ಶುರು ಮಾಡಬಹುದು. ಎಂಟು ತಿಂಗಳು ಮುಟ್ಟದವನಿಗೆ ಆ ಅಡ್ಡಿಯೂ ಇಲ್ಲ. ಹಾಗಾದರೆ ಇದೇ ಸರಿಯಲ್ಲವೇ?

ಇಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಬೇರೆ ಮನೋವೈದ್ಯರು ಬೇರೆ ರೀತಿ ಹೇಳಿಯಾರು. ನಾಲ್ಟ್ರೆಕ್ಸೋನ್ ಗುಳಿಗೆಯ ದೌರ್ಬಲ್ಯವೆಂದರೆ ಅದು ಹಂಬಲವನ್ನು ತಣಿಸುವುದು ಕಡಿಮೆ. ತಪ್ಪಿಸಲು ಮನಸ್ಸು ಮಾಡಿದವನು ಎರಡು ಮೂರು ದಿನ ತಪ್ಪಿಸಿದರೆ ಸಾಕು, ರಕ್ಷಣೆ ಹೋಯಿತು. ಆಗ ಅವನು ತಾಳಿಕೆಯೂ ಇಲ್ಲದೆ, ತಡೆಯೂ ಇಲ್ಲದೆ ಬೀದಿಯಲ್ಲಿರುತ್ತಾನೆ. ಅವನೇ ಬಯಸಿ ಕೇಳಿದರೆ, ಮನೆಯಲ್ಲಿ ಒಬ್ಬರು ಪ್ರತಿದಿನ ಎದುರು ನಿಂತು ನುಂಗಿಸುವಂತಿದ್ದರೆ, ಯಕೃತ್ತಿನ ಪರೀಕ್ಷೆ ಸರಿಯಿದ್ದರೆ ನಾಲ್ಟ್ರೆಕ್ಸೋನ್ ಒಳ್ಳೆಯ ಔಷಧ. ಆದರೆ ಚುಚ್ಚಿಕೊಳ್ಳುವ ಹಂತ ಮುಟ್ಟಿದ್ದ, ಎರಡು ಸಲ ಮರಳಿ ಬಿದ್ದಿರುವ ಹುಡುಗನಿಗೆ ನಾನು ಬುಪ್ರೆನಾರ್ಫಿನ್ ಕಡೆಗೇ ವಾಲುತ್ತೇನೆ. ಈಗ ಏನನ್ನೂ ಸೇವಿಸದವನಿಗೆ ಓಪಿಯಾಯ್ಡ್ ಔಷಧ ಶುರು ಮಾಡುವುದು ವಿಚಿತ್ರವಾಗಿ ಕೇಳಿಸುತ್ತದೆಂದು ಗೊತ್ತು. ತಾಳಿಕೆ ಇಲ್ಲದ ಕಾರಣ ಅತಿ ಸಣ್ಣ ಪ್ರಮಾಣದಿಂದ ಆರಂಭಿಸಿ, ದಿನಗಳನ್ನು ತೆಗೆದುಕೊಂಡು ನಿಧಾನವಾಗಿ ಏರಿಸಬೇಕು. ಅದಕ್ಕಾಗಿಯೇ ಬಿಡುಗಡೆಗೆ ಮುಂಚೆ ಆರಂಭವಾದರೆ ಒಳ್ಳೆಯದು. ಯಾರೋ ಹೇಳಿದ ಪ್ರಮಾಣವನ್ನು ಮನೆಯಲ್ಲಿ ಕೊಡುವ ಸಾಹಸ ಮಾತ್ರ ಬೇಡ.

ಒಂದು ಸೂಕ್ಷ್ಮ ಮಾತು. ಎಂಟು ತಿಂಗಳು ಮುಟ್ಟಿಲ್ಲ ಎಂಬುದು ಸದ್ಯಕ್ಕೆ ನಿಮ್ಮ ನಂಬಿಕೆ. ಗೋಡೆಯೊಳಗೂ ಒಮ್ಮೊಮ್ಮೆ ವಸ್ತುಗಳು ನುಸುಳುತ್ತವೆ. ಇತ್ತೀಚೆಗೆ ಓಪಿಯಾಯ್ಡ್ ಸೇವಿಸಿದವನಿಗೆ ನಾಲ್ಟ್ರೆಕ್ಸೋನ್ ಕೊಟ್ಟರೆ ನಶೆ ಬಿಟ್ಟಾಗ ಬರುವ ಮೈಕೈ ಸೆಳೆತ, ಭೇದಿ, ಚಳಿಯೆಲ್ಲ ತೀವ್ರವಾಗಿ ಒಮ್ಮೆಲೇ ಬಡಿಯುತ್ತವೆ. ಆದ್ದರಿಂದ ಅವನು ವೈದ್ಯರಿಗೆ ನಿಜ ಹೇಳುವಂತಿರಬೇಕು. ನೀವು ಪಕ್ಕದಲ್ಲಿ ನಿಂತಿದ್ದರೆ ಹೇಳುವುದಿಲ್ಲವೆನಿಸಿದರೆ ಹೊರಗೆ ಹೋಗಿ ನಿಲ್ಲಿ.

ಎಲ್ಲಿಗೆ ಹೋಗಬೇಕು? ನಿಮ್ಮ ಅದೃಷ್ಟಕ್ಕೆ ಜೈಲೂ ಆಸ್ಪತ್ರೆಯೂ ಒಂದೇ ಊರಿನಲ್ಲಿವೆ. ಬೆಳಗಾವಿ ರಸ್ತೆಯಲ್ಲಿರುವ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಜನ ಡಿಮ್ಹಾನ್ಸ್ ಎನ್ನುವುದು, ಸರ್ಕಾರದ್ದೇ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎಲ್ಲರೂ ಈಗಲೂ ಕಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಈ ವಾರವೇ ನೀವೊಬ್ಬರೇ ಹೋಗಿ. ರೋಗಿಯಿಲ್ಲದೆ ಏಕೆ ಬಂದಿರಿ ಎಂದು ಕೇಳಿದರೆ, ತಮ್ಮ ಜೈಲಿನಲ್ಲಿದ್ದಾನೆ, ಬಿಡುಗಡೆಗೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಬೇಕು ಎನ್ನಿ. ಬುಪ್ರೆನಾರ್ಫಿನ್ ಮತ್ತು ನಾಲ್ಟ್ರೆಕ್ಸೋನ್‌ಗಳಲ್ಲಿ ಯಾವುದು ಇಲ್ಲಿ ಸಿಗುತ್ತದೆ, ಎಷ್ಟು ದಿನಕ್ಕೊಮ್ಮೆ ಬರಬೇಕು, ಯಾವ ದಿನ ಯಾವ ವೈದ್ಯರಿರುತ್ತಾರೆ ಎಂಬುದನ್ನು ಬರೆದಿಟ್ಟುಕೊಂಡು ಬನ್ನಿ. ಬುಪ್ರೆನಾರ್ಫಿನ್ ಔಷಧ ಅಂಗಡಿಯಲ್ಲಿ ಸುಮ್ಮನೆ ಕೇಳಿದರೆ ಕೊಡುವ ವಸ್ತುವಲ್ಲ, ಅಧಿಕೃತ ಚಿಕಿತ್ಸಾ ಕೇಂದ್ರದ ಮೂಲಕವೇ ಪಡೆಯಬೇಕು. ಇದನ್ನು ಓದುತ್ತಿರುವ ಗದಗ, ಹಾವೇರಿಯ ಕುಟುಂಬಗಳು ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕಾರ್ಯಕ್ರಮಕ್ಕೆ ಮನೋವೈದ್ಯರು ಬರುತ್ತಾರೆ. ಫೋನಿನಲ್ಲಿ ಕೇಳುವುದಾದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಒಳಗಿರುವಾಗಲೇ ಚಿಕಿತ್ಸೆ ಶುರುವಾಗಲು ಜೈಲಿನ ವೈದ್ಯಾಧಿಕಾರಿಗೆ ವಿಷಯ ತಿಳಿಯಬೇಕು. ಕಳವಿನ ಕೇಸಿನಲ್ಲಿ ಬಂದವನ ಕಡತದಲ್ಲಿ ಗುಳಿಗೆಯ ಮಾತೇ ಇರುವುದಿಲ್ಲ. ನಿಮ್ಮ ವಕೀಲರಿಂದ ಒಂದು ಅರ್ಜಿ ಬರೆಯಿಸಿ, ಹಳೆಯ ಚಿಕಿತ್ಸೆಯ ಚೀಟಿಗಳನ್ನು ಸೇರಿಸಿ, ಜೈಲು ಅಧೀಕ್ಷಕರಿಗೆ ಕೊಡಿ. ಅಲ್ಲಿ ತಡವಾದರೆ ನ್ಯಾಯಾಲಯವನ್ನೇ ಕೇಳಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಅಸ್ವಸ್ಥತೆಯೆಂದೇ ಪರಿಗಣಿಸುತ್ತದೆ, ಕೈದಿಗಳ ಬಗ್ಗೆ ಅದರಲ್ಲಿ ಪ್ರತ್ಯೇಕ ಕಲಮಿದೆ. ಹಾಗಾಗಿ ನೀವು ಬೇಡುತ್ತಿರುವುದು ಕೃಪೆಯನ್ನಲ್ಲ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ, ಬಂಧನದಲ್ಲಿರುವ ಯಾರಿಗೇ ಆದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಅದರ ಸಹಾಯವಾಣಿ 15100.

ಕಾನೂನಿನ ಮಾತು ಬಂದದ್ದರಿಂದ ಇನ್ನೊಂದು. ಆಸ್ಪತ್ರೆಗೆ ಹೋದರೆ ಪೊಲೀಸರು ಮಾದಕವಸ್ತು ಕೇಸು ಹಾಕುತ್ತಾರೆ ಎಂಬ ಭಯ ಬಹಳ ಮನೆಗಳಲ್ಲಿದೆ. 1985ರ ಮಾದಕವಸ್ತು ಕಾಯ್ದೆಯ 64ಎ ಕಲಮು ಇದಕ್ಕೆ ವಿರುದ್ಧವಾದದ್ದನ್ನೇ ಹೇಳುತ್ತದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಆ ಆರೋಪದಡಿ ವಿಚಾರಣೆಯಿಂದ ರಕ್ಷಣೆಯಿದೆ, ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು ಅಷ್ಟೇ. ಹೊರಬಂದ ಮೇಲೆ ಆಸ್ಪತ್ರೆಯ ಪುಸ್ತಕ ಮತ್ತು ವೈದ್ಯರ ಚೀಟಿಯ ಪ್ರತಿ ಸದಾ ಅವನ ಜೇಬಿನಲ್ಲಿರಲಿ. ಕೋರ್ಟಿನ ದಿನಾಂಕವಿರುವ ದಿನ ಗುಳಿಗೆ ತೆಗೆದುಕೊಂಡೇ ಹೊರಡಲಿ.

ಬಿಡುಗಡೆಯ ದಿನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಕುಟುಂಬಗಳು ಎಡವುವುದು ಇಲ್ಲಿಯೇ. ಜಾಮೀನಿನ ಆದೇಶ ಜೈಲು ತಲುಪಿ ಗೇಟು ತೆರೆಯುವಷ್ಟರಲ್ಲಿ ಬಹಳ ಸಲ ಸಂಜೆಯಾಗಿರುತ್ತದೆ. ಗೇಟಿನ ಹೊರಗೆ ಮನೆಯವರಿಗಿಂತ ಮೊದಲೇ ಗೆಳೆಯರು ಬೈಕ್ ಹಿಡಿದು ನಿಂತಿರುತ್ತಾರೆ. ಸಂತೋಷಕ್ಕೆಂದು ಕೈಗೆ ನೂರಿನ್ನೂರು ಕೊಡುತ್ತಾರೆ. ಅವತ್ತೇ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಇಳಿದರೆ ರಾತ್ರಿ ಎಂಟಕ್ಕೆ ಅವನು ತನ್ನ ಹಳೆಯ ಓಣಿಯಲ್ಲಿರುತ್ತಾನೆ. ಹಾಗಾಗಲು ಬಿಡಬೇಡಿ. ನೀವೇ ಹೋಗಿ ನಿಲ್ಲಿ. ಹೊತ್ತು ಮುಳುಗಿದ್ದರೆ ಆ ರಾತ್ರಿ ಧಾರವಾಡದಲ್ಲೇ ಬಂಧುಗಳ ಮನೆಯಲ್ಲಿ ಉಳಿಯಿರಿ, ಬೆಳಿಗ್ಗೆ ಎದ್ದು ನೇರವಾಗಿ ಆಸ್ಪತ್ರೆಗೆ. ಔಷಧ ಕೈಗೆ ಬಂದ ಮೇಲೆ ಹುಬ್ಬಳ್ಳಿಯ ಬಸ್ಸು. ಮೊದಲ ಎರಡು ವಾರ ಅವನು ಒಬ್ಬನೇ ಬಾಗಿಲು ಹಾಕಿಕೊಂಡು ಮಲಗದಿರಲಿ. ಅನುಮಾನದಿಂದ ಕಾವಲು ಕಾಯುವುದು ಬೇಡ, ಜೊತೆಗಿದ್ದರೆ ಸಾಕು.

ಬುಪ್ರೆನಾರ್ಫಿನ್ ಗುಳಿಗೆಯನ್ನು ನುಂಗಬಾರದು. ನಾಲಿಗೆಯ ಕೆಳಗಿಟ್ಟು ಪೂರ್ತಿ ಕರಗಲು ಬಿಡಬೇಕು, ಅಲ್ಲಿಯವರೆಗೆ ಮಾತು, ಚಹಾ ಬೇಡ. ಕರಗಿದ ಮೇಲೆ ಬಾಯಿ ಮುಕ್ಕಳಿಸಿ, ಒಂದು ಗಂಟೆ ಬಿಟ್ಟು ಹಲ್ಲುಜ್ಜಲಿ, ಇಲ್ಲವಾದರೆ ಹಲ್ಲು ಹಾಳಾಗುತ್ತದೆ. ಮಲಬದ್ಧತೆ ಸಾಮಾನ್ಯ. ನಿಜವಾದ ಅಪಾಯವಿರುವುದು ಮದ್ಯದಲ್ಲಿ ಮತ್ತು ಆಲ್ಪ್ರಜೋಲಾಂ, ನೈಟ್ರಜೆಪಾಂನಂಥ ನಿದ್ರೆ ಗುಳಿಗೆಗಳಲ್ಲಿ. ಇವು ಜೊತೆಗೂಡಿದರೆ ಬುಪ್ರೆನಾರ್ಫಿನ್‌ನ ಸುರಕ್ಷತೆಯ ಮಿತಿ ಮುರಿದುಬೀಳುತ್ತದೆ. ಬಿಡುಗಡೆಯ ಖುಷಿಗೆ ಒಂದು ಕ್ವಾರ್ಟರ್ ಎಂದು ಯಾರಾದರೂ ಹೇಳಿದರೆ ಅದನ್ನು ತಡೆಯುವ ಕೆಲಸ ನಿಮ್ಮದು. ಚುಚ್ಚಿಕೊಂಡಿದ್ದವನಾದ್ದರಿಂದ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳೂ ಆಗಲಿ. ಹೆಪಟೈಟಿಸ್ ಸಿ ಈಗ ಗುಳಿಗೆಗಳಿಂದಲೇ ಗುಣವಾಗುತ್ತದೆ, 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತ.

ಇಷ್ಟೆಲ್ಲ ಮಾಡಿಯೂ ಒಂದು ದಿನ ಅವನು ಜಾರಿದರೆ? ಕರೆದರೆ ಎಚ್ಚರವಾಗದಿರುವುದು, ಗೊರಕೆಯಂಥ ಗರಗರ ಸದ್ದು, ನಿಮಿಷಕ್ಕೆ ಬೆರಳೆಣಿಕೆಯ ಉಸಿರು, ನೀಲಿಗಟ್ಟಿದ ತುಟಿ, ಸೂಜಿಮೊನೆಯಷ್ಟು ಚಿಕ್ಕದಾದ ಕಣ್ಣಿನ ಪಾಪೆ ಕಂಡರೆ ನಶೆ ಇಳಿಯಲಿ ಎಂದು ಮಲಗಿಸಿ ಬಿಡಬೇಡಿ. 108ಕ್ಕೆ ಕರೆ ಮಾಡಿ, ಉಸಿರು ನಿಲ್ಲುತ್ತಿದೆ ಎಂದು ಹೇಳಿ. ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ, ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಐದು ಸೆಕೆಂಡಿಗೊಮ್ಮೆ ಉಸಿರು ಊದಿ. ನಿಂಬೆಹಣ್ಣಿನ ರಸ, ಮಜ್ಜಿಗೆ, ಉಪ್ಪುನೀರು ಏನನ್ನೂ ಬಾಯಿಗೆ ಹುಯ್ಯಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಆಸ್ಪತ್ರೆಯಲ್ಲಿ ಏನು ತೆಗೆದುಕೊಂಡಿದ್ದಾನೆಂದು ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ನಲಾಕ್ಸೋನ್ ಚುಚ್ಚುಮದ್ದು ನಿಮಿಷಗಳಲ್ಲಿ ಎಬ್ಬಿಸಬಲ್ಲದು, ಆದರೆ ವೈದ್ಯರಿಗೆ ತಿಳಿದಿದ್ದರೆ ತಾನೇ ಕೊಡುವುದು? ಎದ್ದು ಕೂತ ಕೂಡಲೇ ಮನೆಗೆ ಕರೆತರಲೂಬೇಡಿ. ನಲಾಕ್ಸೋನ್‌ನ ಪರಿಣಾಮ ಒಂದು ಗಂಟೆಯ ಆಸುಪಾಸಿನಲ್ಲಿ ಇಳಿಯುತ್ತದೆ, ನುಂಗಿದ ಗುಳಿಗೆ ಅದಕ್ಕಿಂತ ಹೆಚ್ಚು ಹೊತ್ತು ಮೈಯಲ್ಲಿರುತ್ತದೆ. ಜಾರಿದ ಮರುದಿನ ಚಿಕಿತ್ಸೆ ಮುಗಿಯಿತೆಂದಲ್ಲ. ಮತ್ತೆ ಅದೇ ವೈದ್ಯರ ಬಳಿ ಹೋಗಬೇಕು, ಬಹುಶಃ ಔಷಧದ ಪ್ರಮಾಣ ಸಾಲದೇ ಹೋಗಿರಬಹುದು.

ಎಷ್ಟು ದಿನ ಎಂದು ಕೇಳಿದ್ದೀರಿ. ಕನಿಷ್ಠ ಒಂದು ವರ್ಷ ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಎರಡೋ ಮೂರೋ ಆದರೂ ಎದೆಗುಂದಬೇಡಿ. ಧಾರವಾಡದ ಸುತ್ತ ಮಾವಿನ ತೋಟ ಮಾಡುವವರು ಸಸಿಯ ಬೇಲಿಯನ್ನು ಯಾವಾಗ ತೆಗೆಯಬೇಕೆಂದು ಕ್ಯಾಲೆಂಡರ್ ನೋಡುವುದಿಲ್ಲ, ಕಾಂಡವನ್ನು ನೋಡುತ್ತಾರೆ. ಕೆಲಸ ನಿಂತಿದೆಯೇ, ಕೇಸು ಒಂದು ದಡ ಸೇರಿದೆಯೇ, ಗುಳಿಗೆಯ ಯೋಚನೆಯಿಲ್ಲದೆ ತಿಂಗಳುಗಳು ಕಳೆಯುತ್ತಿವೆಯೇ ಎಂದು ನೋಡಿ, ಆಮೇಲೆ ವೈದ್ಯರು ತಿಂಗಳುಗಟ್ಟಲೆ ತೆಗೆದುಕೊಂಡು ಇಳಿಸುತ್ತಾರೆ. ಚೆನ್ನಾಗಿದ್ದಾನೆ, ಇನ್ನೇಕೆ ಎಂದು ಮನೆಯವರೇ ನಿಲ್ಲಿಸಿದಾಗ ಆಗುವ ಅನಾಹುತಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಮದುವೆಯ ಮಾತು. ತಾಯಿಯ ಆಸೆ ಅರ್ಥವಾಗುತ್ತದೆ, ಆದರೆ ಬೇಡ. ಯಾರದೋ ಮನೆಯ ಮಗಳು ನಿಮ್ಮ ತಮ್ಮನ ಔಷಧವಲ್ಲ. ಔಷಧದ ಮೇಲೆ ಒಂದು ವರ್ಷ ನೆಟ್ಟಗೆ ನಡೆದ ಮೇಲೆ, ಎಲ್ಲವನ್ನೂ ಹೆಣ್ಣಿನ ಮನೆಯವರಿಗೆ ತೆರೆದು ಹೇಳಿ, ಆಗ ನೋಡೋಣ. ಅಲ್ಲಿಯವರೆಗೆ ಸಿದ್ಧಾರೂಢ ಮಠಕ್ಕೆ ಕರೆದೊಯ್ದು ಆಣೆ ಮಾಡಿಸುವುದಿದ್ದರೆ ಮಾಡಿಸಿ. ಹಲವರಿಗೆ ಅದು ನಿಜವಾದ ಬಲ ಕೊಟ್ಟಿದೆ, ನಾನು ಅದನ್ನು ಎಂದೂ ಅಲ್ಲಗಳೆದಿಲ್ಲ. ಗದ್ದುಗೆಗೆ ಕೈಮುಗಿದು ಬಂದು ಗುಳಿಗೆಯನ್ನೂ ತೆಗೆದುಕೊಳ್ಳಲಿ. ಆರು ತಿಂಗಳು ಕೂಡಿಹಾಕಿ ಬಡಿದು ಬುದ್ಧಿ ಕಲಿಸುತ್ತೇವೆ ಎನ್ನುವ ಖಾಸಗಿ ಕೇಂದ್ರಗಳ ಕಡೆ ಮಾತ್ರ ಹೋಗಬೇಡಿ. ಅದು ಇನ್ನೊಂದು ಜೈಲು. ಅಲ್ಲಿಂದ ಹೊರಬಂದ ದಿನವೂ ತಾಳಿಕೆಯ ಲೆಕ್ಕ ಇದೇ.

ಇದನ್ನೆಲ್ಲ ನೀವು ನನ್ನನ್ನು ಕೇಳಿದಿರಿ, ಅವನನ್ನು ಇನ್ನೂ ಕೇಳಿಲ್ಲವೆಂದು ನಿಮ್ಮ ಪತ್ರದಿಂದ ಅನಿಸಿತು. ವಯಸ್ಸಿಗೆ ಬಂದವನು, ಚಿಕಿತ್ಸೆಗೆ ಒಪ್ಪಬೇಕಾದವನು ಅವನೇ. ಮುಂದಿನ ಭೇಟಿಯಲ್ಲಿ ಕೇಸಿನ ಮಾತು, ಊಟದ ಮಾತು ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ: ‘ಹೊರಗೆ ಬಂದ ಮೊದಲ ರಾತ್ರಿಯ ಬಗ್ಗೆ ನಿನಗೆ ಭಯವಿದೆಯೇ?’ ಉಪದೇಶ ಸೇರಿಸಬೇಡಿ, ಅವನು ಸುಮ್ಮನಾದರೆ ನೀವೂ ಸುಮ್ಮನೆ ಕಾಯಿರಿ. ಇದೆ ಎಂದರೆ ಔಷಧದ ವಿಷಯ ಹೇಳಿ, ಅವನ ಒಪ್ಪಿಗೆ ಪಡೆದು ಮರುದಿನವೇ ಅರ್ಜಿ ಕೊಡಿ. ಇಲ್ಲ ಎಂದರೆ ಈ ಉತ್ತರವನ್ನು ಮುದ್ರಿಸಿ, ಜೈಲಿನವರ ಅನುಮತಿ ಪಡೆದು ಅವನಿಗೆ ತಲುಪಿಸಿ, ಮುಂದಿನ ವಾರ ಮತ್ತೆ ಕೇಳಿ.